ಗಾಲಿ ನಿಂತರೂ ನಮ್ಮ ಕೆಲಸ ನಿಲ್ಲುವುದಿಲ್ಲ

(ದಾವಣಗೆರೆಯಲ್ಲಿ ನಡೆದ ಮೋಟಾರು ಕೆಲಸಗಾರರ ಸಭೆಯಲ್ಲಿ ಪಾರ್ಸೆಲ್ ಲಾರಿ ಡ್ರೈವರುಗಳ ಪರವಾಗಿ ಮಾಡಿದ ಭಾಷಣ)



ಮೈಕಿನ ಮುಂದೆ ನಿಂತು ಮಾತನಾಡುವ ಅಭ್ಯಾಸ ನಮಗಿಲ್ಲ. ನಮ್ಮ ಮಾತುಕತೆಯೆಲ್ಲ ಡಾಬಾದ ಬೆಂಚಿನ ಮೇಲೆ, ಲೋಟದ ಚಹಾ ಆರುವುದರೊಳಗೆ ಮುಗಿದುಹೋಗುತ್ತದೆ. ಆದರೆ ಈ ಸಭೆಯ ಹಿರಿಯರು, “ನಿಮ್ಮ ಕಷ್ಟವನ್ನು ನೀವೇ ಹೇಳಿ, ಇನ್ನೊಬ್ಬರ ಬಾಯಿಂದ ಬೇಡ” ಎಂದರು. ಆ ಮಾತು ನಮಗೆ ಸರಿಯೆನಿಸಿತು. ಆದ್ದರಿಂದ ಬಂದು ನಿಂತಿದ್ದೇವೆ. ಮಾತಿನಲ್ಲಿ ಒರಟುತನ ಕಂಡರೆ ರಾತ್ರಿ ನಿದ್ದೆಗೆಟ್ಟವರ ಮಾತೆಂದು ಮನ್ನಿಸಬೇಕು.

ಲಾರಿ ಡ್ರೈವರ್ ಎಂದೊಡನೆ ಜನರ ಕಣ್ಣಿಗೆ ಕಟ್ಟುವುದು ಸ್ಟಿಯರಿಂಗ್ ಹಿಡಿದು ಕುಳಿತ ಮನುಷ್ಯ. ಗಾಲಿ ಉರುಳುತ್ತಿದ್ದರೆ ಅವನು ದುಡಿಯುತ್ತಿದ್ದಾನೆ. ಗಾಲಿ ನಿಂತರೆ ಸುಮ್ಮನಿದ್ದಾನೆ. ಇದು ಜನರ ಲೆಕ್ಕ. ಮಾಲೀಕರ ಲೆಕ್ಕವೂ ಇದೇ. ನಾವು ಇಂದು ಹೇಳಬಂದಿರುವುದು ಒಂದೇ ಮಾತು: ಈ ಲೆಕ್ಕ ತಪ್ಪು. ಈ ತಪ್ಪು ಲೆಕ್ಕದಿಂದ ನಮ್ಮ ಕೂಲಿ ಹೋಗುತ್ತಿದೆ, ನಿದ್ದೆ ಹೋಗುತ್ತಿದೆ, ಕೆಲವರ ಪ್ರಾಣವೂ ಹೋಗುತ್ತಿದೆ.

ಮೊದಲು ಪಾರ್ಸೆಲ್ ಲಾರಿ ಎಂದರೇನೆಂಬುದನ್ನು ಹೇಳಬೇಕು. ಸಿಮೆಂಟಿನ ಲಾರಿಯಾಗಲಿ, ಮೆಕ್ಕೆಜೋಳದ ಲಾರಿಯಾಗಲಿ, ಅದರಲ್ಲಿ ಇರುವುದು ಒಂದೇ ಮಾಲು, ಒಬ್ಬನೇ ಧಣಿ, ಇಳಿಸುವುದೂ ಸಾಮಾನ್ಯವಾಗಿ ಒಂದೇ ಕಡೆ. ಪಾರ್ಸೆಲ್ ಲಾರಿ ಹಾಗಲ್ಲ. ಅದೊಂದು ಗಾಲಿಯ ಮೇಲಿನ ಸಂತೆ. ಔಷಧಿಯ ಪೆಟ್ಟಿಗೆ, ಮೋಟಾರು ಪಂಪು, ಬಟ್ಟೆಯ ಬೇಲು, ಶಾಲೆಯ ಪುಸ್ತಕದ ಕಟ್ಟು, ವರ್ಗವಾದ ಮೇಷ್ಟ್ರ ಮಂಚ ಮತ್ತು ಬೀರು, ಕಾಲೇಜಿಗೆ ಹೋದ ಹುಡುಗನ ಬೈಕು, ಇವೆಲ್ಲ ಒಂದೇ ಲಾರಿಯಲ್ಲಿ. ಪ್ರತಿಯೊಂದಕ್ಕೂ ಬೇರೆ ಧಣಿ, ಬೇರೆ ರಸೀತಿ, ಬೇರೆ ಊರು. ಮೊದಲು ಇಳಿಯಬೇಕಾದ್ದನ್ನು ಕಡೆಯಲ್ಲಿ ಹೇರಬೇಕು. ಕಡೆಯಲ್ಲಿ ಇಳಿಯುವುದನ್ನು ಮೊದಲು ಹೇರಬೇಕು. ಭಾರದ್ದು ಕೆಳಗೆ, ಗಾಜಿನದು ಮೇಲೆ. ಹೀಗಾಗಿ ಹೇರುವುದಕ್ಕೇ ಹೊತ್ತು ಹಿಡಿಯುತ್ತದೆ. ಅಂಗಡಿಗಳವರು ಮಾಲು ಬುಕ್ ಮಾಡುವುದು ಸಂಜೆಗೆ. ಅದು ಮಾರನೆಯ ದಿನ ಅಂಗಡಿಯ ಬಾಗಿಲಿಗೆ ಬರಬೇಕು. ನಡುವೆ ಇರುವುದು ಒಂದು ರಾತ್ರಿ. ಆ ರಾತ್ರಿಯೇ ನಮ್ಮ ಬದುಕು.

ನಮ್ಮಲ್ಲೊಬ್ಬರು ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಲಾರಿ ಅವರದು. ಸುಮಾರು ೪೧೦ ಕಿಲೋಮೀಟರಿನ ದಾರಿ. ಅದರಲ್ಲಿನ ಒಂದು ರಾತ್ರಿಯ ಪುಟವನ್ನು ತಮ್ಮ ಮುಂದೆ ಓದುತ್ತೇವೆ.

ಸಂಜೆ ೪-೩೦: ಗೋಡೌನಿನ ಗೇಟಿನೊಳಗೆ ಹೋದದ್ದು. ೭-೦೦: ಹೇರುವುದು ಆರಂಭ. ರಾತ್ರಿ ೧೦-೧೦: ತಾಡಪಾಲು ಬಿಗಿದು, ಕಾಗದಪತ್ರ ಪಡೆದು ಹೊರಟದ್ದು. ೧-೪೦: ಹಿರಿಯೂರಿನಲ್ಲಿ ಚಹಾ. ೩-೪೦: ದಾವಣಗೆರೆ ದಾಟಿದ್ದು. ೫-೨೦: ಹಾವೇರಿ. ಬೆಳಿಗ್ಗೆ ೭-೦೦: ಹುಬ್ಬಳ್ಳಿ ಗೋಡೌನು, ಮುಂದೆ ನಾಲ್ಕು ಲಾರಿ ಇವೆ. ೧೦-೩೦: ನಮ್ಮ ಲಾರಿಯ ಸರದಿ. ಮಧ್ಯಾಹ್ನ ೧೨-೪೫: ಎಣಿಕೆ ಮುಗಿದು ಸಹಿಯಾದದ್ದು. ಸಂಜೆ ೫-೦೦: ಮತ್ತೆ ಗೇಟಿನೊಳಗೆ.

ಈಗ ಕೂಡಿಸಿ ನೋಡೋಣ. ಸಂಜೆ ನಾಲ್ಕೂವರೆಯಿಂದ ಮರುದಿನ ಮುಕ್ಕಾಲು ಒಂದರವರೆಗೆ ೨೦ ಗಂಟೆ ೧೫ ನಿಮಿಷ. ಇದರಲ್ಲಿ ಚಹಾದ ಹೊತ್ತೂ ಸೇರಿ ರಸ್ತೆಯ ಮೇಲಿದ್ದದ್ದು ೮ ಗಂಟೆ ೫೦ ನಿಮಿಷ. ಉಳಿದ ೧೧ ಗಂಟೆ ೨೫ ನಿಮಿಷ ಗೋಡೌನಿನಲ್ಲಿ. ಕೂಲಿ ಸಿಕ್ಕಿದ್ದು ಒಂದು ಟ್ರಿಪ್ಪಿಗೆ, ಅಂದರೆ ರಸ್ತೆಗೆ. ಗೋಡೌನಿನ ೧೧ ಗಂಟೆಗೆ ಒಂದು ಕಾಸೂ ಇಲ್ಲ. ಸ್ನಾನಕ್ಕೆ, ಊಟಕ್ಕೆ, ನಿದ್ದೆಗೆ, ಮನೆಗೊಂದು ಫೋನ್ ಮಾಡುವುದಕ್ಕೆ ಉಳಿದದ್ದು ೪ ಗಂಟೆ ೧೫ ನಿಮಿಷ. ಅದೂ ನಡುಮಧ್ಯಾಹ್ನ, ಬಿಸಿಲಿಗೆ ಕಾದ ಕ್ಯಾಬಿನ್ನಿನಲ್ಲಿ.

“ಗೋಡೌನಿನಲ್ಲಿ ನಿಮಗೇನು ಕೆಲಸ? ಹೇರುವವರು, ಇಳಿಸುವವರು ಹಮಾಲರು. ನೀವು ಮಲಗಬಹುದಲ್ಲ?” ಎಂದು ಮಾಲೀಕರು ಕೇಳುತ್ತಾರೆ. ಕೇಳುವವರು ಒಂದು ದಿನ ಅಲ್ಲಿ ಬಂದು ಮಲಗಿ ನೋಡಬೇಕು. ಮುಂದಿನ ಲಾರಿ ಹತ್ತು ಅಡಿ ಜರುಗಿದಾಗಲೆಲ್ಲ ನಾವೂ ಜರುಗಬೇಕು. ಜರುಗದಿದ್ದರೆ ಹಿಂದಿನವನು ಹಾರನ್ ಹೊಡೆಯುತ್ತಾನೆ, ಸರದಿ ತಪ್ಪುತ್ತದೆ. ಸರಿ, ಸರದಿ ಬಂತು. ಪ್ರತಿ ನಗ ಇಳಿಯುವಾಗ ರಸೀತಿ ಹಿಡಿದು ನಿಲ್ಲಬೇಕು. ಏಕೆಂದರೆ ಒಂದು ನಗ ಕಡಿಮೆ ಬಿದ್ದರೆ ಅದು ನಮ್ಮ ತಲೆಗೆ. ಹೇರಿಸಿದವನು ಗುಮಾಸ್ತ, ಎಣಿಸಿದವನೂ ಗುಮಾಸ್ತ, ಸೀಲು ಒತ್ತಿದವನೂ ಅವನೇ. ದಂಡ ಮಾತ್ರ ಡ್ರೈವರಿಗೆ. ಒಂದು ಮಳೆಗಾಲದಲ್ಲಿ ಹರಿದ ತಾಡಪಾಲು ಬದಲಿಸಿ ಎಂದು ನಮ್ಮವರೊಬ್ಬರು ಮೂರು ಬಾರಿ ಕೇಳಿದರು. ಬದಲಿಸಲಿಲ್ಲ. ನೋಟ್‌ಬುಕ್ಕಿನ ಕಟ್ಟುಗಳು ನೆನೆದವು. ಹಣ ಅವರ ಸಂಬಳದಲ್ಲಿ ಹಿಡಿದರು. ಮಕ್ಕಳು ಬರೆಯಬೇಕಾಗಿದ್ದ ಪುಸ್ತಕಕ್ಕೆ ಇನ್ನೊಬ್ಬ ಬಡವನ ಮಕ್ಕಳ ಅನ್ನ ಹೋಯಿತು.

ಕಾಯಿದೆ ಏನು ಹೇಳುತ್ತದೆ? ನಮಗಾಗಿಯೇ ೧೯೬೧ರಲ್ಲಿ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಬಂದಿತು. ದಿನಕ್ಕೆ ೮ ಗಂಟೆ, ವಾರಕ್ಕೆ ೪೮ ಗಂಟೆ. ಅನುಮತಿ ಪಡೆದ ದೂರದ ಮಾರ್ಗಗಳಲ್ಲಿ ದಿನಕ್ಕೆ ಹೆಚ್ಚೆಂದರೆ ೧೦, ವಾರಕ್ಕೆ ೫೪. ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಎಡೆಬಿಡದೆ ೯ ಗಂಟೆಯ ವಿಶ್ರಾಂತಿ. ಹೆಚ್ಚಿನ ದುಡಿಮೆಗೆ ಎರಡರಷ್ಟು ಕೂಲಿ. ಹೇರುವ, ಇಳಿಸುವ ಹೊತ್ತೂ ಕೆಲಸದ ಹೊತ್ತೆಂದೇ ಆ ಕಾಯಿದೆಯಲ್ಲಿತ್ತು. ಓದಲು ಎಷ್ಟು ಚೆನ್ನಾಗಿದೆ! ಆದರೆ ಕಾಯುವ ಹೊತ್ತಿನ ವಿಷಯಕ್ಕೆ ಬಂದಾಗ ಒಂದು ಸಣ್ಣ ಕಿಂಡಿ ಇಟ್ಟರು. ನಿಲ್ದಾಣದಲ್ಲಿ ಸುಮ್ಮನೆ ಹಾಜರಿರುವ ಹೊತ್ತು ೧೫ ನಿಮಿಷಕ್ಕಿಂತ ಕಡಿಮೆಯಿದ್ದರೆ ಅದನ್ನು ಕೆಲಸದಲ್ಲಿ ಸೇರಿಸಬೇಕೆಂದು ಬರೆದರು. ಹತ್ತು ನಿಮಿಷ ಕಾದವನು ಕೆಲಸಗಾರ. ಮೂರೂವರೆ ಗಂಟೆ ಕಾದವನು? ಆ ಕಿಂಡಿಯಲ್ಲಿ ನಮ್ಮ ಬದುಕಿನ ಅರ್ಧಪಾಲು ಸೋರಿಹೋಗುತ್ತಿದೆ.

ಆ ಹಳೆಯ ಕಾಯಿದೆ ಈಗ ೨೦೨೦ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಅಡಗಿದೆ. ಸಂಹಿತೆಯನ್ನು ೨೦೨೫ರ ನವೆಂಬರ್ ೨೧ರಂದು ಜಾರಿಗೆ ತಂದರು. ಅದರಲ್ಲಿಯೂ ದಿನಕ್ಕೆ ೮ ಗಂಟೆ ಎಂದೇ ಇದೆ, ಹೆಚ್ಚಿನ ದುಡಿಮೆಗೆ ಎರಡರಷ್ಟು ಎಂದೇ ಇದೆ, ಕೆಲಸಗಾರನಿಗೆ ನೇಮಕಪತ್ರ ಕೊಡಬೇಕೆಂದೂ ಇದೆ. ಹದಿನೈದು ನಿಮಿಷದ ಕಿಂಡಿಯೂ ಹಾಗೆಯೇ ಇದೆ.

ಮನುಷ್ಯನಿಗೆ ಇಲ್ಲದ ವಿಶ್ರಾಂತಿ ಮಾಲಿಗೆ ಇದೆ ಎಂದರೆ ನಗುತ್ತೀರಿ. ಐವತ್ತು ಸಾವಿರ ರೂಪಾಯಿ ಮೀರಿದ ಮಾಲಿಗೆ ಇ-ವೇ ಬಿಲ್ ಬೇಕು. ೨೦೨೧ರ ಜನವರಿ ೧ರಿಂದ ಆ ಬಿಲ್ಲಿಗೆ ೨೦೦ ಕಿಲೋಮೀಟರಿಗೆ ಒಂದು ದಿನದಂತೆ ಅವಧಿ. ಹುಬ್ಬಳ್ಳಿಯ ದಾರಿಗೆ ಕಾಗದಕ್ಕೆ ಮೂರು ದಿನ ಕೊಟ್ಟಿದ್ದಾರೆ. ಅದೇ ದಾರಿಗೆ ನಮಗೆ ಕೊಟ್ಟಿರುವುದು ಒಂದು ರಾತ್ರಿ.

ಆ ರಾತ್ರಿ ಹೇಗಿರುತ್ತದೆ? ತುಮಕೂರಿನವರೆಗೆ ಗಲಾಟೆ, ಗಮನವೆಲ್ಲ ರಸ್ತೆಯ ಮೇಲೆ. ಶಿರಾ ದಾಟಿದ ಮೇಲೆ ರಸ್ತೆ ನೇರ, ಕತ್ತಲೆ ಒಂದೇ ಸಮ. ಎರಡು ಗಂಟೆಯಿಂದ ನಾಲ್ಕರವರೆಗೆ ಜೋಂಪು ಹತ್ತುತ್ತದೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪಗಳು ಮಿನುಗುತ್ತವೆ. ಅವನ್ನೇ ನೋಡುತ್ತ ಕಣ್ಣು ತೆರೆದೇ ನಿದ್ದೆ ಹೋದವರಿದ್ದಾರೆ. ಕಿಟಕಿ ತೆಗೆದು ಗಾಳಿಗೆ ಮುಖವೊಡ್ಡುತ್ತೇವೆ, ಹಾಡು ಹಾಕುತ್ತೇವೆ, ಕೆನ್ನೆಗೆ ಹೊಡೆದುಕೊಳ್ಳುತ್ತೇವೆ. ಹಿಂದೆ ಪಕ್ಕದಲ್ಲಿ ಕ್ಲೀನರ್ ಹುಡುಗನಿರುತ್ತಿದ್ದ. “ಅಣ್ಣಾ, ಎಚ್ಚರ!” ಎನ್ನುತ್ತಿದ್ದ. ಖರ್ಚೆಂದು ಅವನನ್ನು ತೆಗೆದರು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರು ಇರಬೇಕೆಂಬ ನಿಯಮವಿತ್ತು. ೨೦೧೮ರಲ್ಲಿ ಅದನ್ನೂ ತೆಗೆದರು. ಈಗ ಪಕ್ಕದಲ್ಲಿರುವುದು ಜಿ.ಪಿ.ಎಸ್. ಹತ್ತು ನಿಮಿಷ ಲಾರಿ ನಿಲ್ಲಿಸಿದರೆ ಆಫೀಸಿನಿಂದ ಫೋನು: “ಯಾಕೆ ನಿಂತೆ?” ಗೋಡೌನಿನಲ್ಲಿ ಐದು ಗಂಟೆ ನಿಂತಾಗ ಯಾರೂ ಈ ಪ್ರಶ್ನೆ ಕೇಳುವುದಿಲ್ಲ!

ನಮ್ಮ ಜೊತೆಯವನೊಬ್ಬ ಹಿರಿಯೂರಿನ ಆಚೆ, ಬೆಳಗಿನ ಜಾವ, ದಾರಿಯ ಬದಿ ನಿಂತಿದ್ದ ಲಾರಿಯ ಹಿಂಬದಿಗೆ ಗುದ್ದಿದ. ಅದು ಅವನ ಎಡೆಬಿಡದ ನಾಲ್ಕನೆಯ ರಾತ್ರಿ. ಪ್ರಾಣ ಉಳಿಯಿತು, ಬಲಗಾಲು ಹೋಯಿತು. ಆಫೀಸಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು, “ಮಾಲಿಗೇನಾಗಿದೆ?” ಎಂದು. ನೌಕರರ ಪರಿಹಾರಕ್ಕೆ ೧೯೨೩ರಷ್ಟು ಹಳೆಯ ಕಾಯಿದೆ ಇತ್ತು. ಅದರ ಪ್ರಕಾರ ಪರಿಹಾರ ಕೇಳಲು ಹೋದಾಗ ಕಂಪೆನಿಯವರು, “ಅದು ನಮ್ಮ ಲಾರಿಯಲ್ಲ, ಬಾಡಿಗೆಗೆ ಸೇರಿಸಿಕೊಂಡದ್ದು” ಎಂದರು. ಲಾರಿಯ ಧಣಿ, “ಕೆಲಸ ಹೇಳುತ್ತಿದ್ದವರು ಅವರು” ಎಂದ. ಮೈಮೇಲೆ ಕಂಪೆನಿಯ ಅಂಗಿ, ಲಾರಿಯ ಮೇಲೆ ಕಂಪೆನಿಯ ಹೆಸರು. ಆದರೆ ಅವನ ಹೆಸರು ಯಾರ ರಿಜಿಸ್ಟರಿನಲ್ಲಿಯೂ ಇರಲಿಲ್ಲ. “ಡ್ರೈವರ್ ನಿದ್ದೆ ಮಾಡಿದ” ಎಂದು ಎಲ್ಲರೂ ಬರೆದುಕೊಂಡರು. ಅವನಿಗೆ ನಿದ್ದೆ ಮಾಡಲು ಯಾವಾಗ ಬಿಟ್ಟಿದ್ದರೆಂದು ಯಾರೂ ಬರೆದುಕೊಳ್ಳಲಿಲ್ಲ.

“ನಿದ್ದೆ ಬಂದರೆ ನಿಲ್ಲಿಸಿ ಮಲಗಿ” ಎಂದು ಬುದ್ಧಿ ಹೇಳುವವರಿದ್ದಾರೆ. ಎಲ್ಲಿ ನಿಲ್ಲಿಸೋಣ? ನಾವು ನಿಲ್ಲುವುದು ರಸ್ತೆಯ ಅಂಚಿನಲ್ಲಿ, ಡಾಬಾದ ಮುಂದೆ, ಗುಡ್ಡದ ಬುಡದಲ್ಲಿ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅಲ್ಲಿ ಚಹಾ ಅಂಗಡಿ ನಡೆಸುತ್ತಿದ್ದ ಕುಟುಂಬ ಹೋಯಿತು. ಮರ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿ ಗಂಗಾವಳಿಯ ಪಾಲಾಯಿತು. ಆ ಲಾರಿಯನ್ನೂ ಅದರೊಳಗೆ ಡ್ರೈವರನ ದೇಹವನ್ನೂ ಮೇಲೆತ್ತಿದ್ದು ಸೆಪ್ಟೆಂಬರ್ ೨೫ರಂದು. ಅದು ಪಾರ್ಸೆಲ್ ಲಾರಿಯಲ್ಲ. ಆದರೆ ಆ ಹೊಳೆಯ ದಡದ ಸುದ್ದಿಯನ್ನು ಎಪ್ಪತ್ತು ದಿನ ಕೇಳುತ್ತಿದ್ದ ನಮಗೆಲ್ಲ ಅದು ನಮ್ಮದೇ ಲಾರಿಯಾಗಿತ್ತು.

ನಾವು ಜನರ ಕಣ್ಣಿಗೆ ಬಿದ್ದದ್ದು ಒಮ್ಮೆ, ೨೦೨೪ರ ಜನವರಿಯ ಮೊದಲ ದಿನಗಳಲ್ಲಿ. ಅಪಘಾತ ಮಾಡಿ, ತಿಳಿಸದೆ ಹೋದ ಡ್ರೈವರಿಗೆ ೧೦ ವರ್ಷದವರೆಗೆ ಸಜೆ ಎಂಬ ಹೊಸ ಕಲಮಿನ ವಿರುದ್ಧ ಹಲವು ರಾಜ್ಯಗಳಲ್ಲಿ ಲಾರಿಗಳು ನಿಂತವು. ಪೆಟ್ರೋಲ್ ಬಂಕುಗಳ ಮುಂದೆ ಜನ ಸಾಲುಗಟ್ಟಿದರು. ಗಾಯಗೊಂಡವನನ್ನು ಬಿಟ್ಟು ಓಡಬೇಕೆಂದು ನಾವು ಹೇಳುವುದಿಲ್ಲ. ಅದು ಮನುಷ್ಯರ ಮಾತಲ್ಲ. ಆದರೆ ಅಲ್ಲೇ ನಿಂತ ಡ್ರೈವರನಿಗೆ ಗುಂಪಿನ ಕೈಯಲ್ಲಿ ಏನಾಗುತ್ತದೆಂಬುದನ್ನು ಕಾಯಿದೆ ಬರೆದವರು ನೋಡಿರಲಿಲ್ಲ. ಆ ವರ್ಷ ಜುಲೈ ೧ರಂದು ನ್ಯಾಯ ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಮನ್ನು ತಡೆಹಿಡಿದರು. ನಾವು ಕಲಿತ ಪಾಠ ಇದು: ಗಾಲಿ ತಿರುಗುತ್ತಿರುವಾಗ ನಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. “ಬೆಂಗಳೂರಿನಿಂದ ಹುಬ್ಬಳ್ಳಿಗೆ ಆರೂವರೆ ಗಂಟೆಯಲ್ಲಿ ಹೊಡೆದೆ” ಎಂದು ಜಂಭ ಕೊಚ್ಚುವವರು ನಮ್ಮಲ್ಲೇ ಇದ್ದಾರೆ. ಒಬ್ಬನ ಜಂಭ ಮರುದಿನ ಎಲ್ಲರಿಗೂ ಕಟ್ಟಳೆಯಾಗುತ್ತದೆ. ಇಳಿಸಲು ತಡವಾದರೆ ಹಮಾಲರ ಮೇಲೆ ಹರಿಹಾಯುತ್ತೇವೆ. ಅವರೂ ನಗದ ಲೆಕ್ಕದಲ್ಲಿ ಬೆನ್ನು ಮುರಿದುಕೊಳ್ಳುವವರು. ನಾಲ್ಕು ಲಾರಿಗೆ ಒಂದೇ ತಂಡ ಇಟ್ಟವರು ಅವರಲ್ಲ. ನಮ್ಮ ಸಿಟ್ಟು ಹೋಗಬೇಕಾದ ದಾರಿ ಬೇರೆ.

ಹಾಗಾದರೆ ನಾವು ಕೇಳುವುದೇನು? ಗೇಟಿನೊಳಗೆ ಹೋದ ಹೊತ್ತು, ಹೊರಬಂದ ಹೊತ್ತು ಟ್ರಿಪ್ ಶೀಟಿನಲ್ಲಿ ಬರೆಯಬೇಕು; ನಡುವಿನ ಹೊತ್ತಿಗೆ ಕೂಲಿ ಕೊಡಬೇಕು. ಕೊಡುವುದು ಶುರುವಾದರೆ ಸಾಲು ತಾನೇ ಕರಗುತ್ತದೆ. ಪುಕ್ಕಟೆ ಸಿಗುವ ಹೊತ್ತನ್ನು ಯಾರು ಉಳಿಸುತ್ತಾರೆ? ರಾತ್ರಿಯೆಲ್ಲ ಓಡುವ ಲಾರಿಗೆ ಇಬ್ಬರು ಡ್ರೈವರು ಬೇಕು. ಗೋಡೌನಿನಲ್ಲಿ ನೀರು, ಕಕ್ಕಸು, ಮಲಗಲು ಒಂದು ತಂಪಾದ ಕೋಣೆ ಬೇಕು. ಲಾರಿ ಯಾರದೇ ಆಗಲಿ, ಕೆಲಸ ಹೇಳುವವರು ನಮ್ಮ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಬೇಕು, ಕಾಯಿದೆ ಹೇಳಿದ ನೇಮಕಪತ್ರ ಕೊಡಬೇಕು. ಇದರಲ್ಲಿ ದಯೆಯ ಮಾತು ಒಂದೂ ಇಲ್ಲ. ಬಹುಪಾಲು ಕಾಯಿದೆಯಲ್ಲೇ ಇರುವುದು. ಇಲ್ಲದ್ದು ಆ ಹದಿನೈದು ನಿಮಿಷದ ಕಿಂಡಿ ಮುಚ್ಚುವ ಕೆಲಸ.

ಕಡೆಯದಾಗಿ, ಇಲ್ಲಿ ಕುಳಿತಿರುವ ಡ್ರೈವರ್ ಬಂಧುಗಳಿಗೆ ಒಂದು ಮಾತು. ಬಾಗಿಲ ಬಳಿ ಮೇಜಿನ ಮೇಲೆ ಸಣ್ಣ ನೋಟ್‌ಬುಕ್ಕುಗಳಿವೆ. ಹೋಗುವಾಗ ಒಂದೊಂದು ಒಯ್ಯಿರಿ. ಇವೊತ್ತು ರಾತ್ರಿಯಿಂದಲೇ ಬರೆಯಿರಿ: ಗೇಟು ಹೊಕ್ಕದ್ದು ಎಷ್ಟಕ್ಕೆ, ಹೊರಟದ್ದು ಎಷ್ಟಕ್ಕೆ, ಮಲಗಿದ್ದು ಎಷ್ಟು ಹೊತ್ತು. ಬರೆಯಲು ಬಾರದವರು ಮಗಳ ಕೈಯಲ್ಲಿ ಬರೆಸಿರಿ. ಅಪ್ಪ ಎಲ್ಲಿರುತ್ತಾನೆಂದು ಅವಳಿಗೂ ತಿಳಿಯಲಿ. ಒಬ್ಬನ ಪುಸ್ತಕವನ್ನು ಸುಳ್ಳೆಂದು ತಳ್ಳಿಹಾಕಬಹುದು. ನೂರು ಪುಸ್ತಕಗಳನ್ನು ಕಾರ್ಮಿಕ ಇಲಾಖೆಯ ಮೇಜಿನ ಮೇಲೆ ಒಟ್ಟಿಗೆ ಇಟ್ಟಾಗ ತಳ್ಳುವುದು ಅಷ್ಟು ಸುಲಭವಲ್ಲ.

ಇಷ್ಟು ಹೇಳಿ ಮುಗಿಸುತ್ತೇವೆ. ಈಗ ಏಳೂವರೆ. ನಮ್ಮಲ್ಲಿ ಮೂವರ ಲಾರಿಗಳು ಗೋಡೌನಿನಲ್ಲಿ ಹೇರುತ್ತಿವೆ, ಅವರು ಹೋಗಬೇಕು.