ಬಿಲ್ಲೆ, ಕಡ್ಡಿ, ಬೆಳಕು: ಬೆಂಗಳೂರಿನಿಂದ ರೆಡ್ಮಂಡ್‌ವರೆಗೆ

(ರೆಡ್ಮಂಡ್‌ನಲ್ಲಿ ಕನ್ನಡ ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಆಹ್ವಾನದಲ್ಲಿ 'ಸಾವಯವ ಎಲೆಕ್ಟ್ರಾನಿಕ್ಸ್' ಎಂಬ ಮಾತನ್ನು ಕಂಡವರೊಬ್ಬರು, ರಾಸಾಯನಿಕ ಗೊಬ್ಬರ ಹಾಕದೆ ಬೆಳೆದ ಟ್ರಾನ್ಸಿಸ್ಟರಿನ ಬೆಲೆ ಎಷ್ಟು ಎಂದು ಕೇಳಿದರು. ತರಕಾರಿ ಅಂಗಡಿಯ ಸಾವಯವ ಬೇರೆ, ರಸಾಯನ ವಿಜ್ಞಾನದ ಸಾವಯವ ಬೇರೆ. ರಸಾಯನ ವಿಜ್ಞಾನದಲ್ಲಿ ಅದಕ್ಕೆ ಇಂಗಾಲದ ಚೌಕಟ್ಟಿನ ಮೇಲೆ ಕಟ್ಟಿದ ಅಣುಗಳು ಎಂದಷ್ಟೇ ಅರ್ಥ. ಪ್ಲಾಸ್ಟಿಕ್ಕು, ಬಟ್ಟೆಯ ಬಣ್ಣ, ಸೀಮೆಎಣ್ಣೆ ಎಲ್ಲವೂ ಈ ಅರ್ಥದಲ್ಲಿ ಸಾವಯವವೇ. ಸಿಲಿಕಾನನ್ನು 1414 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಹರಳಾಗಿ ಎಳೆಯಬೇಕು. ಈ ಅಣುಗಳಲ್ಲಿ ಅನೇಕವನ್ನು ದ್ರಾವಕದಲ್ಲಿ ಕರಗಿಸಿ ಶಾಯಿಯಂತೆ ಬಳಿಯಬಹುದು, ಬಾಗುವ ಹಾಳೆಯ ಮೇಲೆ ಅಚ್ಚೊತ್ತಬಹುದು. ಹೊಸ ವಿಷಯವೇನಲ್ಲ, ನಿಮ್ಮಲ್ಲಿ ಬಹುಮಂದಿಯ ಜೇಬಿನಲ್ಲಿರುವ ಫೋನಿನ ಓಎಲ್ಇಡಿ ಪರದೆ ಇಂಥ ಅಣುಗಳಿಂದಲೇ ಬೆಳಗುತ್ತದೆ. ಕೊಡ್ಯಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಅದರ ಮೂಲ ರಚನೆಯನ್ನು 1987ರಲ್ಲಿ ಪ್ರಕಟಿಸಿದರು.

ನಾನಿಂದು ಮಾತಾಡಬೇಕೆಂದಿರುವುದು ಓಎಲ್ಇಡಿಯ ಬಗ್ಗೆ ಅಲ್ಲ. ಈ ಊರಿನ ಪ್ರಯೋಗಾಲಯಗಳಲ್ಲಿ ನಡೆಯುತ್ತಿರುವ ಒಂದು ಬಗೆಯ ಕೆಲಸಕ್ಕೂ ಬೆಂಗಳೂರು, ಮೈಸೂರುಗಳಿಗೂ ಇರುವ, ಇಲ್ಲಿನ ಕನ್ನಡಿಗರಲ್ಲಿ ಹೆಚ್ಚು ಜನಕ್ಕೆ ತಿಳಿಯದ ಒಂದು ನಂಟಿನ ಬಗ್ಗೆ. ಆ ನಂಟು ಹಿಡಿದು ಹೋದರೆ, ಜ್ಞಾನ ಯಾರ ಸ್ವತ್ತು ಎಂಬ ಪ್ರಶ್ನೆ ತಾನಾಗಿ ಎದುರಾಗುತ್ತದೆ.

1977ರಿಂದ ತೊಡಗೋಣ. ಆ ವರ್ಷ ಶಿರಾಕಾವಾ, ಮ್ಯಾಕ್‌ಡಯರ್ಮಿಡ್ ಮತ್ತು ಹೀಗರ್, ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ಕಿಗೆ ಅಯೋಡಿನ್ ಆವಿ ತಾಗಿಸಿದರೆ ಅದರ ವಿದ್ಯುತ್ ವಾಹಕತೆ ಕೋಟ್ಯಂತರ ಪಟ್ಟು ಏರುತ್ತದೆಂದು ತೋರಿಸಿದರು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಸಾವಯವ ಎಲೆಕ್ಟ್ರಾನಿಕ್ಸ್‌ನ ಇತಿಹಾಸ ಬರೆಯುವವರೆಲ್ಲ ಅಲ್ಲಿಂದಲೇ ಶುರುಮಾಡುತ್ತಾರೆ. ಅದೇ ವರ್ಷ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಿಂದ ಒಂದು ಪುಟ್ಟ ಪ್ರಬಂಧ ಹೊರಬಂತು. ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅದರ ಲೇಖಕರು. ಪ್ರಕಟವಾದದ್ದು ಬೆಂಗಳೂರಿನಿಂದಲೇ ಹೊರಡುವ 'ಪ್ರಮಾಣ' ಪತ್ರಿಕೆಯಲ್ಲಿ. (ಈ ಚಂದ್ರಶೇಖರ್ ನಕ್ಷತ್ರಗಳ ಚಂದ್ರಶೇಖರ್ ಅಲ್ಲ. ಇಬ್ಬರೂ ಸಿ.ವಿ. ರಾಮನ್ ಅವರ ಬಂಧುಗಳಾದ್ದರಿಂದ ಪತ್ರಿಕೆಯವರು ಕೂಡ ಆಗಾಗ ಗೊಂದಲ ಮಾಡಿಕೊಳ್ಳುತ್ತಾರೆ.)

ಆ ಪ್ರಬಂಧದ ಮಹತ್ವ ತಿಳಿಯಲು ದ್ರವ ಹರಳಿನ ಬಗ್ಗೆ ಎರಡು ಮಾತು ಬೇಕು. 1888ರಲ್ಲಿ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಕೊಲೆಸ್ಟರಾಲ್ ಸಂಬಂಧಿಯಾದ ಒಂದು ವಸ್ತುವನ್ನು ಕಾಯಿಸಿದಾಗ ಅದು ಎರಡು ಸಲ ಕರಗಿತು. ಮೊದಲು ಮಬ್ಬು ದ್ರವವಾಯಿತು, ಇನ್ನಷ್ಟು ಕಾಯಿಸಿದಾಗ ತಿಳಿಯಾಯಿತು. ನಡುವಣ ಮಬ್ಬು ಸ್ಥಿತಿಯಲ್ಲಿ ಅಣುಗಳು ದ್ರವದಂತೆ ಹರಿಯುತ್ತವೆ, ಆದರೆ ಹರಳಿನಂತೆ ಒಂದೇ ದಿಕ್ಕಿಗೆ ಮುಖಮಾಡಿರುತ್ತವೆ. ಹೊಳೆಯಲ್ಲಿ ತೇಲಿ ಬರುವ ಮರದ ದಿಮ್ಮಿಗಳನ್ನು ನೆನಪಿಸಿಕೊಳ್ಳಿ: ಯಾವುದೂ ಒಂದೆಡೆ ನಿಲ್ಲದು, ಆದರೂ ಎಲ್ಲವೂ ನೀರಿನ ದಿಕ್ಕಿಗೇ ಮಲಗಿರುತ್ತವೆ. ದಿಮ್ಮಿಯ ಹಾಗೆ ಉದ್ದನೆಯ, ಕಡ್ಡಿಯಾಕಾರದ ಅಣುಗಳಿಗೆ ಮಾತ್ರ ಇದು ಸಾಧ್ಯ ಎಂಬುದು 1977ರವರೆಗೆ ರೂಢಿಯ ನಂಬಿಕೆಯಾಗಿತ್ತು.

ಬೆಂಗಳೂರಿನವರು ಬೆಂಜೀನ್ ಉಂಗುರದ ಆರು ಮೂಲೆಗಳಿಗೂ ಬಾಲಗಳನ್ನು ಕಟ್ಟಿ, ಬಿಲ್ಲೆಯಾಕಾರದ ಅಣುಗಳನ್ನು ತಯಾರಿಸಿದರು. ಅವು ಕೂಡ ದ್ರವ ಹರಳಾದವು. ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಂಬಗಳಾಗಿ ನಿಂತವು. ಕಂಬದ ನಡುವೆ ಇಂಗಾಲದ ಉಂಗುರಗಳ ಸಾಲು. ಸುತ್ತ ಎಣ್ಣೆಯಂಥ ಬಾಲಗಳ ಹೊದಿಕೆ. ಎಲೆಕ್ಟ್ರಾನಿಗೆ ಇದು ಹೊದಿಕೆಯಿರುವ ತಂತಿಯ ಹಾಗೆ: ಕಂಬದುದ್ದಕ್ಕೂ ಸಾಗಬಹುದು, ಪಕ್ಕದ ಕಂಬಕ್ಕೆ ಹಾರುವುದು ಕಷ್ಟ. 1994ರಲ್ಲಿ ಜರ್ಮನಿಯ ಬೈರಾಯಿತ್‌ನವರು ಇಂಥದೇ ಒಂದು ಬಿಲ್ಲೆ ಅಣುವಿನಲ್ಲಿ ವಿದ್ಯುದಾವೇಶದ ಚಲನೆಯನ್ನು ಅಳೆದಾಗ, ಸಾವಯವ ವಸ್ತುಗಳಲ್ಲಿ ಒಂಟಿ ಹರಳುಗಳನ್ನು ಬಿಟ್ಟರೆ ಅಷ್ಟು ಸರಾಗವಾಗಿ ಅದು ಹರಿದದ್ದನ್ನು ಬೇರೆಲ್ಲೂ ಕಂಡಿರಲಿಲ್ಲ. ಸೌರಕೋಶಗಳಿಗೂ ಟ್ರಾನ್ಸಿಸ್ಟರ್‌ಗಳಿಗೂ ಈ ಕಂಬಗಳನ್ನು ಬಳಸುವ ಪ್ರಯತ್ನ ಇಂದಿಗೂ ನಡೆದಿದೆ.

ಹಣ ತಂದ ಉಪಯೋಗ ಮಾತ್ರ ಬೇರೆ. ಹಳೆಯ ಲ್ಯಾಪ್‌ಟಾಪ್ ಪರದೆಯನ್ನು ಓರೆಯಾಗಿ ನೋಡಿದರೆ ಬಣ್ಣಗಳು ತಿರುವುಮುರುವಾಗುತ್ತಿದ್ದುದು ನೆನಪಿರಬಹುದು. ಜಪಾನಿನ ಫ್ಯೂಜಿ ಕಂಪನಿ ತೊಂಬತ್ತರ ದಶಕದ ನಡುವಿನಲ್ಲಿ ಬಿಲ್ಲೆ ಅಣುಗಳನ್ನು ಬಳಿದ ತೆಳು ಹಾಳೆಯಿಂದ ಆ ದೋಷವನ್ನು ಸರಿಪಡಿಸಿತು. ಆ ಹಾಳೆ ಅಸಂಖ್ಯ ಪರದೆಗಳಿಗೆ ಅಂಟಿ ಲೋಕವೆಲ್ಲ ಹರಡಿತು. ನಾವು ವರ್ಷಗಟ್ಟಲೆ ದಿಟ್ಟಿಸಿ ಕುಳಿತ ಗಾಜಿನ ಹಿಂದೆ ಬೆಂಗಳೂರಿನಲ್ಲಿ ಮೊದಲು ಕಂಡ ಒಂದು ಸ್ಥಿತಿ ಅಡಗಿತ್ತು. ಇದರಲ್ಲಿ ಯಾರನ್ನೂ ದೂರುವಂಥದ್ದಿಲ್ಲ. ಬೆಂಗಳೂರಿನವರು ತಮಗೆ ತಿಳಿದದ್ದನ್ನು ಎಲ್ಲರಿಗೂ ಓದಲು ಬಿಟ್ಟರು, ಓದಿದವರು ಬಳಸಿದರು. ಆದರೆ ಬಳಸಿದ್ದು ಪೇಟೆಂಟಾಗುತ್ತದೆ, ಕಂಡದ್ದು ಅಡಿಟಿಪ್ಪಣಿಯಾಗುತ್ತದೆ. ಈ ಲೆಕ್ಕ ನನಗೆ ಎಂದೂ ಸರಿಯೆನಿಸಿಲ್ಲ.

ಅಣು ಯಾವುದರಿಂದ ಆಗಿದೆ ಎಂಬುದರಷ್ಟೇ ಅದರ ಆಕಾರ, ಅಕ್ಕಪಕ್ಕದವರೊಡನೆ ಅದು ಕೂಡಿ ಬಾಳುವ ರೀತಿ ಮುಖ್ಯ. ಇದೇ ಪಾಠವನ್ನು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯವೂ ಕಲಿಯಿತು. ಅಲ್ಲಿ ಲ್ಯಾರಿ ಡಾಲ್ಟನ್ ಮತ್ತು ಸಂಗಡಿಗರು, ವಿದ್ಯುತ್ ಸಂಕೇತವನ್ನು ಬೆಳಕಿನ ಸಂಕೇತವಾಗಿ ಬದಲಿಸುವ ಅಣುಗಳ ಹಿಂದೆ ಬಿದ್ದಿದ್ದರು. ಒಂದು ತುದಿ ಎಲೆಕ್ಟ್ರಾನ್ ಕೊಡುವಂಥದ್ದು, ಇನ್ನೊಂದು ತುದಿ ಸೆಳೆಯುವಂಥದ್ದು, ಹೀಗಿರುವ ಉದ್ದನೆಯ ಅಣುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ, ಕಾಯಿಸಿ, ವಿದ್ಯುತ್ ಕ್ಷೇತ್ರದಲ್ಲಿ ಒಂದೇ ಕಡೆ ಮುಖಮಾಡಿಸಿ, ಹಾಗೆಯೇ ಆರಿಸಬೇಕು. ಅಣು ಬಲವಾದಷ್ಟೂ ಒಂದರ ತಲೆ ಇನ್ನೊಂದರ ಕಾಲಿಗೆ ಸೇರಿ ಜೋಡಿಯಾಗಿ, ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತಿತ್ತು. ಅಣುವಿನ ಮಗ್ಗುಲಿಗೆ ದಪ್ಪ ಗುಂಪುಗಳನ್ನು ಕಟ್ಟಿ ಅದನ್ನು ಗುಂಡಗೆ ಮಾಡಿದಾಗ ಈ ಜೋಡಿಯಾಟ ತಗ್ಗಿತು. ಒಂದು ವೋಲ್ಟಿಗಿಂತ ಕಡಿಮೆ ವಿದ್ಯುತ್ತಿನಿಂದ ಬೆಳಕನ್ನು ನಿಯಂತ್ರಿಸಬಹುದೆಂದು 2000ದಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದರು. ಕ್ವಿನ್ಸಿಯ ದತ್ತಾಂಶ ಕೇಂದ್ರಗಳ ವಿದ್ಯುತ್ ಬಿಲ್ಲಿನ ಚಿಂತೆಯಿರುವವರು ನಿಮ್ಮಲ್ಲೇ ಇದ್ದೀರಿ. ಆ ಒಂದು ವೋಲ್ಟಿನ ಬೆಲೆ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇದನ್ನು ಮಾರಲು ಪಕ್ಕದ ಬಾಥೆಲ್‌ನಲ್ಲಿ ಲುಮೆರಾ ಎಂಬ ಕಂಪನಿ ಹುಟ್ಟಿತು, 2008ರಲ್ಲಿ ಬೇರೊಂದರೊಳಗೆ ಸೇರಿಹೋಯಿತು. ಬಿಸಿಗೆ ಅಣುಗಳು ಮುಖ ತಿರುಗಿಸಿಬಿಡುವ ತೊಂದರೆ ನೀಗಲು ವರ್ಷಗಳೇ ಹಿಡಿದವು.

ಈಗ ರೆಡ್ಮಂಡ್‌ಗೆ ಬರೋಣ. ತಲೆಗೆ ಕಟ್ಟಿಕೊಳ್ಳುವ ವಿಆರ್ ಕನ್ನಡಕ ಹಾಕಿದವರಿಗೆ ಸ್ವಲ್ಪ ಹೊತ್ತಿನಲ್ಲಿ ಕಣ್ಣು ನೋಯುವುದುಂಟು. ಅದಕ್ಕೊಂದು ಕಾರಣವಿದೆ: ಎರಡು ಕಣ್ಣುಗಳು ಹತ್ತಿರದ ವಸ್ತುವಿನತ್ತ ಓರೆಯಾಗಿ ತಿರುಗುತ್ತವೆ, ಆದರೆ ಕಣ್ಣಿನ ಮಸೂರ ಮಾತ್ರ ದೂರದ ಒಂದೇ ತಲಕ್ಕೆ ನೆಟ್ಟಿರಬೇಕಾಗುತ್ತದೆ. ಆಗ ಫೇಸ್‌ಬುಕ್ ಎನಿಸಿಕೊಂಡಿದ್ದ ಈಗಿನ ಮೆಟಾ ಕಂಪನಿಯ ಇಲ್ಲಿನ ಸಂಶೋಧಕರು 2019ರಲ್ಲಿ 'ಹಾಫ್ ಡೋಮ್ 3' ಎಂಬ ಮಾದರಿಯನ್ನು ತೋರಿಸಿದರು. ಅದರಲ್ಲಿ ಚಲಿಸುವ ಭಾಗವಿಲ್ಲ. ದ್ರವ ಹರಳಿನ ಆರು ತೆಳು ಮಸೂರಗಳನ್ನು ಪೇರಿಸಿದ್ದಾರೆ. ಒಂದೊಂದಕ್ಕೂ ಎರಡು ಸ್ಥಿತಿ. ಎರಡನ್ನು ಆರು ಸಲ ಗುಣಿಸಿ, 64 ನಾಭಿತಲಗಳು.

ಚಪ್ಪಟೆ ಪೊರೆ ಮಸೂರವಾಗುವುದು ಹೇಗೆ? ಇಲ್ಲಿಯೇ ಮತ್ತೆ ಬೆಂಗಳೂರು ಬರುತ್ತದೆ. ಬೆಳಕಿನ ಧ್ರುವೀಕರಣದ ಎಲ್ಲ ಸ್ಥಿತಿಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ಈ ಗೋಳವನ್ನು ಭೂಮಿಯೆಂದೇ ಭಾವಿಸಿ. ಉತ್ತರ ಧ್ರುವದಿಂದ ಕೈಯಲ್ಲೊಂದು ಈಟಿ ಹಿಡಿದು, ಅದನ್ನು ನೀವಾಗಿ ಒಂದಿಷ್ಟೂ ತಿರುಗಿಸದೆ ಭೂಮಧ್ಯರೇಖೆಗೆ ಇಳಿಯಿರಿ. ಅಲ್ಲಿಂದ ಪೂರ್ವಕ್ಕೆ ಭೂಮಿಯ ಸುತ್ತಿನ ಕಾಲುಭಾಗ ನಡೆಯಿರಿ. ಮತ್ತೆ ನೇರ ಧ್ರುವಕ್ಕೆ ಹತ್ತಿ. ನಿಂತ ಜಾಗ ಅದೇ, ಆದರೆ ಈಟಿ 90 ಡಿಗ್ರಿ ತಿರುಗಿರುತ್ತದೆ. ತಿರುಗಿಸಿದವರು ಯಾರು? ಯಾರೂ ಅಲ್ಲ, ಸುತ್ತಿದ ದಾರಿ. ಬೆಳಕೂ ಹೀಗೆಯೇ: ಧ್ರುವೀಕರಣದ ಗೋಳದಲ್ಲಿ ಒಂದು ಸುತ್ತು ಹೋಗಿ ಮೊದಲಿನ ಸ್ಥಿತಿಗೇ ಮರಳಿದರೂ, ಆ ಸುತ್ತು ಆವರಿಸಿದ ಘನಕೋನದ ಅರ್ಧದಷ್ಟು ಅದರ ಅಲೆ ಹಿಂದು ಮುಂದಾಗಿರುತ್ತದೆ. ಇದನ್ನು 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದವರು ಎಸ್. ಪಂಚರತ್ನಂ, ರಾಮನ್ ಸಂಸ್ಥೆಯಲ್ಲಿದ್ದ 22 ವರ್ಷದ ತರುಣ. ಬಿಲ್ಲೆ ಅಣುಗಳ ಚಂದ್ರಶೇಖರ್ ಅವರ ತಮ್ಮ.

ಪೊರೆಯಲ್ಲಿ ನಡುವಿನಿಂದ ಅಂಚಿಗೆ ಹೋದಂತೆ ಅಣುಗಳ ದಿಕ್ಕನ್ನು ಲೆಕ್ಕ ಹಾಕಿ ತಿರುಗಿಸುತ್ತ ಹೋದರೆ, ಒಂದೊಂದು ಜಾಗದಲ್ಲಿ ಹಾದ ಬೆಳಕೂ ಆ ಗೋಳದ ಮೇಲೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ಅಲೆ ಬಾಗುತ್ತದೆ; ಕೆಲವೇ ಮೈಕ್ರಾನ್ ದಪ್ಪದ ಪೊರೆ ಮಸೂರವಾಗುತ್ತದೆ. ಬಲಸುತ್ತಿನ ಬೆಳಕನ್ನು ಅದು ಕೂಡಿಸಿದರೆ, ಎಡಸುತ್ತಿನದನ್ನು ಚದುರಿಸುತ್ತದೆ. ಮುಂದೊಂದು ವಿದ್ಯುತ್ ನಿಯಂತ್ರಿತ ಪದರವಿಟ್ಟು ಸುತ್ತನ್ನು ಬದಲಿಸಿದರೆ ನಾಭಿಯೂ ಬದಲಾಗುತ್ತದೆ. ಲೋಕದ ಪ್ರಬಂಧಗಳಲ್ಲೆಲ್ಲ ಈ ಬಗೆಯ ಮಸೂರಕ್ಕೆ 'ಪಂಚರತ್ನಂ–ಬೆರ್ರಿ' ಎಂದೇ ಹೆಸರು. ಇಂಗ್ಲೆಂಡಿನ ಮೈಕೆಲ್ ಬೆರ್ರಿ ಕ್ವಾಂಟಂ ವಿಜ್ಞಾನದಲ್ಲಿ ಇದೇ ತತ್ತ್ವವನ್ನು 1984ರಲ್ಲಿ ಸ್ವತಂತ್ರವಾಗಿ ಕಂಡರು. ಪಂಚರತ್ನಂ ಅವರ ಹಳೆಯ ಪ್ರಬಂಧದತ್ತ 1986ರಲ್ಲಿ ಬೊಟ್ಟು ಮಾಡಿದವರು ಬೆಂಗಳೂರಿನ ರಾಮಶೇಷನ್ ಮತ್ತು ನಿತ್ಯಾನಂದ. ಮರುವರ್ಷವೇ ಬೆರ್ರಿ ಆ ಬಗ್ಗೆ ಲೇಖನ ಬರೆದು, ಗೌರವ ಸಲ್ಲಬೇಕಾದವರಿಗೆ ಸಲ್ಲಿಸಿದರು. ಪಂಚರತ್ನಂ ಅದನ್ನು ನೋಡಲಿಲ್ಲ. 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ, 35ನೆಯ ವಯಸ್ಸಿಗೇ ತೀರಿಕೊಂಡಿದ್ದರು.

ಇದನ್ನು ಕೇಳಿ 'ನಮ್ಮವರು ಆಗಲೇ ಕಂಡಿದ್ದರು' ಎಂದು ಎದೆ ತಟ್ಟಿಕೊಳ್ಳುವ ಆಸೆ ಸಹಜ. ತಡೆದುಕೊಳ್ಳಿ ಎಂದು ಕೇಳುತ್ತೇನೆ. ಈ ಸೋದರರು ತಮಿಳು ಮನೆತನದವರು, ಹುಟ್ಟಿದ್ದು ಕಲ್ಕತ್ತೆಯಲ್ಲಿ. ಕನ್ನಡ ನಾಡಿನ ಪಾಲು ರಕ್ತದಲ್ಲಿಲ್ಲ, ಅದು ಕಟ್ಟಿದ ಸಂಸ್ಥೆಗಳಲ್ಲಿದೆ. ರಾಮನ್ ಸಂಸ್ಥೆ ನಿಂತ ನೆಲ 1934ರಲ್ಲಿ ಮೈಸೂರು ಸಂಸ್ಥಾನ ಕೊಟ್ಟದ್ದು. ಚಂದ್ರಶೇಖರ್ 1961ರಿಂದ ಹತ್ತು ವರ್ಷ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ತಮ್ಮನೂ ಕೆಲಕಾಲ ಅಲ್ಲಿ ಪಾಠ ಹೇಳಿದರು. ರಾಮನ್ ಬದುಕಿರುವತನಕ ಸರ್ಕಾರದ ಹಣವನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆದರೆ ದ್ರವ ಹರಳಿನ ಪ್ರಯೋಗಾಲಯ ಬೆಳೆದದ್ದು ಅವರ ಕಾಲಾನಂತರ, ಸರ್ಕಾರದ ನೆರವು ಬಂದ ಮೇಲೆ. 1991ರಲ್ಲಿ ಚಂದ್ರಶೇಖರ್ ಆರಂಭಿಸಿದ ದ್ರವ ಹರಳು ಸಂಶೋಧನಾ ಕೇಂದ್ರಕ್ಕೆ ನೆಲೆ ಸಿಕ್ಕದ್ದು ಜಾಲಹಳ್ಳಿಯ ಬಿಇಎಲ್ ಆವರಣದಲ್ಲಿ, ಅಂದರೆ ಸಾರ್ವಜನಿಕ ಉದ್ದಿಮೆಯ ಮಡಿಲಲ್ಲಿ.

ಸಿಯಾಟಲ್‌ನ ಕಥೆಯೂ ಹಾಗೆಯೇ. 2002ರಲ್ಲಿ ಅಲ್ಲಿ ಈ ವಸ್ತುಗಳಿಗಾಗಿಯೇ ಕೇಂದ್ರವೊಂದು ತೆರೆದದ್ದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣದಿಂದ. ಆ ಪ್ರತಿಷ್ಠಾನದ ಅನುದಾನವನ್ನು ಅರ್ಧಕ್ಕೂ ಹೆಚ್ಚು ಕತ್ತರಿಸುವ ಪ್ರಸ್ತಾವವನ್ನು 2025ರಲ್ಲಿ ಈ ದೇಶದ ಆಡಳಿತ ಮುಂದಿಟ್ಟಿತು. ಅತ್ತ ಭಾರತ ಸಂಶೋಧನೆಗೆ ಖರ್ಚು ಮಾಡುವುದು ರಾಷ್ಟ್ರೀಯ ಉತ್ಪನ್ನದ ಶೇಕಡ 0.7ಕ್ಕೂ ಕಡಿಮೆ. 1956ರ ಆ ಪ್ರಬಂಧಕ್ಕೆ ಅನುದಾನ ಕೇಳಿ, 'ಇದರಿಂದ ಮೂರು ವರ್ಷದಲ್ಲಿ ಏನು ಲಾಭ?' ಎಂಬ ಅಂಕಣ ತುಂಬಬೇಕಾಗಿದ್ದರೆ ಪಂಚರತ್ನಂ ಏನು ಬರೆಯುತ್ತಿದ್ದರೋ! ಉಪಯೋಗ ಕಣ್ಣಿಗೆ ಬೀಳಲು ದಶಕಗಳೇ ಬೇಕಾದವು.

ಉಪಯೋಗ ಯಾರದು ಎಂಬ ಇನ್ನೊಂದು ಪ್ರಶ್ನೆಯನ್ನೂ ಬಿಡಲಾರೆ. 64 ತಲಗಳಲ್ಲಿ ಯಾವುದಕ್ಕೆ ಮಸೂರವನ್ನು ಹೊಂದಿಸಬೇಕೆಂದು ತಿಳಿಯಲು ಕನ್ನಡಕಕ್ಕೆ ನಿಮ್ಮ ಕಣ್ಣು ಎಲ್ಲಿ ನೋಡುತ್ತಿದೆಯೆಂದು ಕ್ಷಣಕ್ಷಣವೂ ಗೊತ್ತಾಗಬೇಕು. ಜಾಹೀರಾತು ಮಾರುವವರಿಗೆ ಇದಕ್ಕಿಂತ ಬೆಲೆಬಾಳುವ ಸುದ್ದಿ ಯಾವುದಿದೆ? ಹಾಫ್ ಡೋಮ್ ಅಂಗಡಿಗೆ ಬರಲಿಲ್ಲ. ಅದರ ತಂತ್ರ ನಾಳೆ ಬಂದೀತು. ಆ ನೋಟದ ದಾಖಲೆ ಯಾರ ಬಳಿ ಉಳಿಯಬೇಕೆಂಬುದನ್ನು ಮಸೂರದ ವಿಜ್ಞಾನ ತೀರ್ಮಾನಿಸುವುದಿಲ್ಲ. ಅದನ್ನು ಬರೆಯುವ ಕೋಡಿನವರು, ಅಂದರೆ ಈ ಸಭೆಯಲ್ಲಿರುವ ಕೆಲವರಾದರೂ, ಕೇಳಬೇಕು. ವೀಸಾದ ಭಯವಿರುವಾಗ ಕೇಳುವುದು ಸುಲಭವಲ್ಲವೆಂದು ನನಗೆ ಗೊತ್ತು.

ಇದೇ ಜಾತಿಯ ವಸ್ತುಗಳಿಂದ ಬೆಂಗಳೂರಿನ ಜಕ್ಕೂರಿನಲ್ಲಿ ಬೇರೊಂದು ಕೆಲಸ ನಡೆದಿದೆ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೆ.ಎಸ್. ನಾರಾಯಣ್ ಅವರ ತಂಡ ಅರೆವಾಹಕ ಪಾಲಿಮರ್ ಪೊರೆಯ ಮೇಲೆ, ಇನ್ನೂ ಬೆಳಕು ಗ್ರಹಿಸಲಾರದ ಕೋಳಿ ಭ್ರೂಣದ ಅಕ್ಷಿಪಟಲವನ್ನಿಟ್ಟು ಬೆಳಕು ಹಾಯಿಸಿತು. ಪೊರೆಯಲ್ಲಿ ಹುಟ್ಟಿದ ವಿದ್ಯುತ್ತಿಗೆ ಆ ಕುರುಡು ನರಕೋಶಗಳು ಸ್ಪಂದಿಸಿದವು. 2014ರಲ್ಲಿ ಪ್ರಕಟವಾದ ಆ ಕೆಲಸ ಚಿಕಿತ್ಸೆಯಾಗಲು ಇನ್ನೂ ದೂರವಿದೆ. ನಡುವಣ ದಾರಿಯನ್ನು ಯಾರ ಹಣ ನಡೆಸುತ್ತದೆ ಎಂಬುದರ ಮೇಲೆ ಮುಂದಿನದು ನಿಂತಿದೆ.

ಪಂಚರತ್ನಂ ಅವರ 1956ರ ಪ್ರಬಂಧ 16 ಪುಟಗಳದು. ಅಕಾಡೆಮಿಯ ಜಾಲತಾಣದಲ್ಲಿ ಕಾಸಿಲ್ಲದೆ ಸಿಗುತ್ತದೆ. ಮೇಜಿನ ಮೇಲೆ ಪೋಲರಾಯ್ಡ್ ಹಾಳೆಯ ತುಂಡುಗಳನ್ನಿಟ್ಟಿದ್ದೇನೆ. ಎರಡನ್ನು ಅಡ್ಡಡ್ಡವಾಗಿ ಹಿಡಿದರೆ ಕತ್ತಲು. ಮೂರನೆಯದನ್ನು ಅವುಗಳ ನಡುವೆ ಓರೆಯಾಗಿ ತೂರಿಸಿ ನೋಡಿ, ಬೆಳಕು ಮರಳುತ್ತದೆ. ಕಾಫಿ ಕುಡಿಯುತ್ತ ಮಕ್ಕಳ ಕೈಗೂ ಕೊಡಿ, ಏಕೆಂದು ಅವರೇ ಕೇಳುತ್ತಾರೆ.