ಸೋಸುವ ಬಟ್ಟೆ, ನೊರೆಯ ಬಟ್ಟಲು



ಪುಣೆಯಲ್ಲಿ ಸಮುದ್ರವಿಲ್ಲ. ಆದರೂ ಕೋಥ್ರುಡ್‌ನ ನಮ್ಮ ಹಾಲ್‌ನಲ್ಲಿ ಇನ್ನೂರು ಲೀಟರ್ ಉಪ್ಪುನೀರಿದೆ. ಮಗ ಓದಲು ಬೇರೆ ಊರಿಗೆ ಹೋದಾಗ ಅವನ ಅಕ್ವೇರಿಯಂ ನನ್ನ ಪಾಲಿಗೆ ಬಂತು. ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸುತ್ತೇನೆ, ಲೀಟರಿಗೆ ಸುಮಾರು 35 ಗ್ರಾಂ. ಅದರಲ್ಲಿ ಕ್ಲೌನ್ ಮೀನುಗಳು, ಗರಿಯಂತೆ ಅರಳುವ ಹುಳುಗಳು ಇವೆ. ಜೀವಂತ ಹವಳ ಇಟ್ಟಿಲ್ಲ. ನಮ್ಮ ಮುರ್ಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿರುವಂಥ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವು ಸಮುದ್ರದಲ್ಲೇ ಇರಲಿ.

ನೀರನ್ನು ಶುಚಿ ಮಾಡಲು ಎರಡು ಸಾಧನಗಳಿವೆ. ಒಂದು ಸೋಸುವ ಬಟ್ಟೆ, ನಮ್ಮ ಚಹಾ ಸೋಸಣಿಗೆಯ ಹಾಗೆ ಕಣ್ಣಿಗೆ ಕಾಣುವ ಕಸ ಹಿಡಿಯುತ್ತದೆ. ಇನ್ನೊಂದು ಪ್ರೋಟೀನ್ ಸ್ಕಿಮ್ಮರ್. ಬೇಳೆ ಬೇಯುವಾಗ ಮೇಲೆ ಬರುವ ನೊರೆಯನ್ನು ಸೌಟಿನಿಂದ ತೆಗೆಯುತ್ತೇವಲ್ಲ, ಇದೂ ಹಾಗೇ. ಸಣ್ಣ ಗುಳ್ಳೆಗಳಿಗೆ ನೀರಿನಲ್ಲಿ ಕರಗಿದ ಕೊಳೆ ಅಂಟಿಕೊಂಡು, ನೊರೆಯಾಗಿ ಮೇಲಿನ ಬಟ್ಟಲಿಗೆ ಏರುತ್ತದೆ.

ಕಳೆದ ದೀಪಾವಳಿಗೆ ಹತ್ತು ದಿನ ಧಾರವಾಡಕ್ಕೆ ಹೋಗಿದ್ದೆ. ಪಕ್ಕದ ಮನೆಯವರಿಗೆ ಆಹಾರ ಹಾಕಲು ಹೇಳಿದ್ದೆ, ಬಟ್ಟೆ ಬದಲಿಸಲು ಹೇಳಿರಲಿಲ್ಲ. ತಪ್ಪು ನನ್ನದೇ. ಬಂದು ನೋಡಿದರೆ ಬಟ್ಟೆ ಕಟ್ಟಿಕೊಂಡಿತ್ತು, ನೊರೆಯ ಬಟ್ಟಲು ತುಂಬಿತ್ತು, ಒಂದು ಕ್ಲೌನ್ ಮೀನು ಸತ್ತಿತ್ತು. ಮಗನಿಗೆ ಫೋನ್ ಮಾಡಿ ಹೇಳುವುದು ಕಷ್ಟವಾಯಿತು.

ಆಗ ತಿಳಿದದ್ದು ಇಷ್ಟು: ಬಟ್ಟೆ ಕಸವನ್ನು ಹಿಡಿಯುತ್ತದೆ, ಹೊರಗೆ ಹಾಕುವುದಿಲ್ಲ. ನಾವು ತೆಗೆಯದಿದ್ದರೆ ಅದು ಅಲ್ಲೇ ಕೊಳೆತು ಅಮೋನಿಯಾ ಆಗುತ್ತದೆ, ಕೊನೆಗೆ ನೈಟ್ರೇಟ್. ಸ್ಕಿಮ್ಮರ್ ಕೊಳೆಯುವ ಮೊದಲೇ ನೀರಿನಿಂದ ಬೇರೆ ಮಾಡುತ್ತದೆ, ಆದರೆ ದಪ್ಪ ಕಸ ಅದರ ಕೈಗೆ ಸಿಗದು.

ಹೆದರಿ ನಾನು ಅತಿ ನಯವಾದ ಬಟ್ಟೆ ಹಾಕಿ, ಸ್ಕಿಮ್ಮರನ್ನೂ ಜೋರು ಮಾಡಿದೆ. ನೀರು ಗಾಜಿನಂತಾಯಿತು, ಗರಿಹುಳುಗಳು ಮಾತ್ರ ಅರಳುವುದನ್ನು ಕಡಿಮೆ ಮಾಡಿದವು. ನೀರಿನಲ್ಲಿ ತೇಲುವ ಕಣಗಳೇ ಅವುಗಳ ಊಟ! ಮೇಲಾಗಿ ನೀರಾದ ನೊರೆಯ ಜೊತೆ ಉಪ್ಪುನೀರೂ ಹೊರಗೆ ಹೋಗುತ್ತಿತ್ತು.

ಈಗ ಮೂರು ದಿನಕ್ಕೊಮ್ಮೆ ಬಟ್ಟೆ ಬದಲಿಸುತ್ತೇನೆ. ಹುಳುಗಳಿಗೆ ಆಹಾರ ಹಾಕುವ ದಿನ ಒಂದೆರಡು ಗಂಟೆ ಬಟ್ಟೆ ತೆಗೆದಿಡುತ್ತೇನೆ. ನೊರೆ ಕಡು ಚಹಾದ ಬಣ್ಣದಲ್ಲಿರುವಂತೆ ಸ್ಕಿಮ್ಮರ್ ಹೊಂದಿಸಿದ್ದೇನೆ. ಕೊಬ್ಬರಿ ಎಣ್ಣೆಯ ಕೈ ನೀರಿಗೆ ಹಾಕುವುದಿಲ್ಲ, ಹಾಕಿದರೆ ನೊರೆಯೇ ಕುಸಿಯುತ್ತದೆ.

ಈ ದೀಪಾವಳಿಗೂ ಊರಿಗೆ ಹೋಗುತ್ತೇನೆ. ಪಕ್ಕದ ಮನೆಯವರಿಗೆ ಬಟ್ಟೆ ಬದಲಿಸುವುದನ್ನು ಈಗಾಗಲೇ ಎರಡು ಸಲ ಮಾಡಿಸಿ ತೋರಿಸಿದ್ದೇನೆ.