ಎದೆ ದಡದಡ ಎಂದಾಗ

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮಗೆ ಒಂದೊಂದು ಸಂಗತಿಗೂ ಎರಡು ಮೂರು ಹೆಸರು. ಮನೆಯಲ್ಲಿ 'ಎದೆ ಝಲ್ ಅಂತು, ಜೀವ ಗಾಬರಿಯಾತು' ಎನ್ನುತ್ತೇವೆ. ದವಾಖಾನೆಗೆ ಹೋದರೆ ತೆಲುಗಿನಲ್ಲಿ 'ಗುಂಡೆ ದಡ' ಎನ್ನುತ್ತೇವೆ. ಸಂತೆಯಲ್ಲಿ ಯಾರಾದರೂ ವಿಚಾರಿಸಿದರೆ 'ಘಬ್ರಾಹಟ್' ಎಂದು ಹೇಳಿ ಮುಗಿಸುತ್ತೇವೆ. ಇಷ್ಟು ಹೆಸರಿದ್ದೂ, ಇದು ಒಂದು ಕಾಯಿಲೆ ಆಗಿರಬಹುದು, ಇದಕ್ಕೆ ಚಿಕಿತ್ಸೆ ಇದೆ ಎಂಬ ಮಾತು ಮಾತ್ರ ಬಹಳ ಮನೆಗಳನ್ನು ಮುಟ್ಟಿಲ್ಲ. ವೈದ್ಯರು ಇದನ್ನು ಪ್ಯಾನಿಕ್ ಡಿಸಾರ್ಡರ್ ಎನ್ನುತ್ತಾರೆ. ನಾವು ಗಾಬರಿ ರೋಗ ಎನ್ನೋಣ.

ತಾಂಡೂರಿನಲ್ಲಿ ಫರಸಿ ಕಲ್ಲಿಗೆ ಪಾಲಿಶ್ ಹಾಕುವ ಒಬ್ಬ ಆಳು ಇದ್ದಾನೆ ಎಂದಿಟ್ಟುಕೊಳ್ಳಿ. ಮೂವತ್ತು ವರ್ಷದ ಗಟ್ಟಿ ಮನುಷ್ಯ. ಸೇಡಂನಲ್ಲಿರುವ ಅಕ್ಕನ ಮನೆಗೆಂದು ರೈಲು ಹತ್ತಿದ್ದಾನೆ. ಡಬ್ಬಿ ತುಂಬ ಜನ. ಕಾರಣವೇ ಇಲ್ಲದೆ ಎದೆ ಹೊಡೆದುಕೊಳ್ಳತೊಡಗುತ್ತದೆ. ಮೈಯೆಲ್ಲ ಬೆವರು, ಕೈ ನಡುಕ, ಉಸಿರು ಸಾಲದು, ಬೆರಳ ತುದಿಯಲ್ಲಿ ಜುಮುಜುಮು. 'ಮುಗೀತು, ನಾ ಇನ್ನು ಉಳಿಯೋದಿಲ್ಲ' ಎನ್ನಿಸಿಬಿಡುತ್ತದೆ. ಹತ್ತು ನಿಮಿಷದೊಳಗೆ ಅದು ತುದಿಗೇರಿ, ಅರ್ಧ ಗಂಟೆಯಲ್ಲಿ ತಾನಾಗಿಯೇ ಇಳಿಯುತ್ತದೆ. ದವಾಖಾನೆಯಲ್ಲಿ ಇ.ಸಿ.ಜಿ. ತೆಗೆದರೆ ಎಲ್ಲ ಸರಿ. 'ಏನೂ ಆಗಿಲ್ಲ, ಗ್ಯಾಸ್ ಇರಬೇಕು, ಹೋಗು' ಎನ್ನುತ್ತಾರೆ. ಆತನಿಗೆ ಆ ಮಾತು ಸಮಾಧಾನ ಕೊಡುವುದಿಲ್ಲ. ಸಾವು ಎದುರಿಗೆ ಬಂದು ಹೋದಂತೆ ಅನುಭವಿಸಿದವನಿಗೆ ಏನೂ ಆಗಿಲ್ಲ ಎಂದರೆ ಹೇಗೆ ನಂಬಿಯಾನು?

ಆಗಿದ್ದು ಇಷ್ಟು. ಹೊಲದ ಬದುವಿನಲ್ಲಿ ಹಾವು ಕಂಡರೆ ನಮ್ಮ ಮೈ ತಾನೇ ಸಜ್ಜಾಗುತ್ತದೆ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ, ಓಡಲು ಬೇಕಾದ ಬಲಕ್ಕಾಗಿ ಹೃದಯ ಬಿರುಸಾಗುತ್ತದೆ, ಉಸಿರು ಜೋರಾಗುತ್ತದೆ. ಗಾಬರಿ ರೋಗದಲ್ಲಿ ಹಾವಿಲ್ಲ, ಆದರೂ ಮೈ ಸಜ್ಜಾಗುತ್ತದೆ. ಕಳ್ಳ ಬಾರದಿದ್ದರೂ ಕಾವಲು ನಾಯಿ ಬೊಗಳಿದ ಹಾಗೆ. ನಾಯಿಗೆ ಹುಚ್ಚಿಲ್ಲ, ಕಿವಿ ಕೊಂಚ ಚುರುಕು. ಉಸಿರು ಬಿರುಸಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ತಿರುಗುವುದು ಅದರಿಂದ. ಇನ್ನು ಮನಸ್ಸಿನ ಪಾಲು. ಎದೆ ಬಡಿತ ಕೇಳಿ 'ಹೃದಯ ನಿಲ್ಲುತ್ತದೆ' ಎಂದುಕೊಂಡರೆ ಭಯ ಹೆಚ್ಚುತ್ತದೆ, ಭಯ ಹೆಚ್ಚಿದರೆ ಬಡಿತ ಇನ್ನಷ್ಟು. ಈ ಸುತ್ತನ್ನು ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ವಿವರಿಸಿದರು. ಇಂದಿನ ಮಾತಿನ ಚಿಕಿತ್ಸೆ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎದೆನೋವು ಬಂದಾಗ 'ರೇಡಿಯೋದಲ್ಲಿ ಗಾಬರಿ ಅಂದಿದ್ದರು' ಎಂದು ಮನೆಯಲ್ಲಿ ಕೂರಬೇಡಿ. ಮೊದಲ ಸಲ ಬಂದವರು, ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು, ಬೀಡಿ ಸೇದುವವರು, ನೋವು ಎಡಗೈಗೋ ದವಡೆಗೋ ಹರಿದವರು ಕೂಡಲೇ ಆಸ್ಪತ್ರೆ ಸೇರಬೇಕು. ಥೈರಾಯ್ಡ್ ಮತ್ತು ರಕ್ತಹೀನತೆಯಿಂದಲೂ ಎದೆ ಹೀಗೇ ಬಡಿದುಕೊಳ್ಳುವುದುಂಟು. ಅವೆಲ್ಲ ಇಲ್ಲವೆಂದು ತಿಳಿದ ಮೇಲೆಯೇ ಗಾಬರಿ ರೋಗದ ಮಾತು.

ನಮ್ಮ ಆ ಆಳಿನ ಕಡೆಗೆ ಬರೋಣ. ಆತ ಮುಂದೆ ರೈಲು ಬಿಟ್ಟ. ಆಮೇಲೆ ಬಸ್ಸು ಬಿಟ್ಟ, ಸಂತೆ ಬಿಟ್ಟ. ಝರಾಸಂಗದ ಜಾತ್ರೆಗೆ ಹೆಂಡತಿ ಮಕ್ಕಳನ್ನು ಕಳಿಸಿ ತಾನು ಮನೆಯಲ್ಲೇ ಉಳಿದ. ನನ್ನನ್ನು ಕೇಳಿದರೆ ಈ ರೋಗದ ನಿಜವಾದ ನಷ್ಟ ಇದು. ಗಾಬರಿ ಅರ್ಧ ಗಂಟೆಯದು, ಅದು ಮತ್ತೆ ಬಂದೀತೆಂಬ ಅಂಜಿಕೆ ಮನುಷ್ಯನ ವರ್ಷಗಳನ್ನೇ ನುಂಗುತ್ತದೆ. ಈ ರೋಗ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಇಮ್ಮಡಿ. ಆದರೆ ಮನೆ ಬಿಟ್ಟು ಹೊರಡದ ಹೆಂಗಸನ್ನು ನಮ್ಮಲ್ಲಿ ರೋಗಿ ಎನ್ನುವುದಿಲ್ಲ, ಒಳ್ಳೆಯ ಸೊಸೆ ಎನ್ನುತ್ತಾರೆ. ಹಾಗಾಗಿ ಅವರ ಕಷ್ಟ ಹೊರಗೆ ಬರುವುದೇ ಇಲ್ಲ.

ಇನ್ನೊಂದು ನಷ್ಟವನ್ನು ಬಿಚ್ಚಿ ಹೇಳಬೇಕು. ಯಾರೋ ಒಂದು ಸಣ್ಣ ಗುಳಿಗೆ ಕೊಡುತ್ತಾರೆ. ಅಲ್ಪ್ರಜೋಲಮ್. ನುಂಗಿದ ಅರ್ಧ ತಾಸಿಗೆ ಹಾಯೆನಿಸುತ್ತದೆ. ಚೀಟಿಯಿಲ್ಲದೆ ತಿಂಗಳುಗಟ್ಟಲೆ ತಿಂದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ, ಬಿಟ್ಟ ದಿನ ಗಾಬರಿ ಇಮ್ಮಡಿಯಾಗಿ ಬರುತ್ತದೆ. ಗುಳಿಗೆ ತಿನ್ನದವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಕಲಬೆರಕೆ ಕಳ್ಳಿಗೆ ಬೆರೆಸುವ ಪುಡಿಗಳಲ್ಲಿ ಇದೇ ಅಲ್ಪ್ರಜೋಲಮ್ ಇದೆ, ಡಯಾಜಿಪಾಮ್ ಇದೆ. 2015ರಲ್ಲಿ ತೆಲಂಗಾಣದಲ್ಲಿ ಅಂಥ ಕಳ್ಳಿನ ಮೇಲೆ ಬಿಗಿ ಮಾಡಿದಾಗ ನಿಜಾಮಾಬಾದ್, ಮಹಬೂಬನಗರ ಕಡೆಯ ಎಷ್ಟೋ ಜನ ನಡುಕ, ಮೂರ್ಛೆ, ಭ್ರಮೆ ಹತ್ತಿ ಆಸ್ಪತ್ರೆ ಸೇರಿದರು. ಆದ್ದರಿಂದ ಗುಳಿಗೆಯಾಗಲಿ, ದಿನದ ಕಳ್ಳಾಗಲಿ ಒಮ್ಮೆಲೇ ನಿಲ್ಲಿಸಬೇಡಿ. ವೈದ್ಯರಿಗೆ ನಿಜ ಹೇಳಿ, ಅವರ ಕಣ್ಣೆದುರಿಗೆ ಮೆಲ್ಲಗೆ ಇಳಿಸಬೇಕು.

ಸರಿಯಾದ ಔಷಧ ಬೇರೆ ಇದೆ. ಸರ್ಟ್ರಾಲಿನ್, ಎಸ್ಸಿಟಲೋಪ್ರಾಮ್ ಎಂಬ ಗುಂಪಿನವು. ಇವು ಚಟ ಹತ್ತಿಸುವಂಥವಲ್ಲ, ಹಾಗೆಂದು ಇವನ್ನೂ ಥಟ್ಟನೆ ಬಿಡಬಾರದು. ಸಣ್ಣ ಪ್ರಮಾಣದಲ್ಲಿ ಶುರು ಮಾಡುತ್ತಾರೆ. ಮೊದಲ ವಾರ ಗಾಬರಿ ತುಸು ಹೆಚ್ಚಾದಂತೆ ಅನ್ನಿಸಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಒಮ್ಮೊಮ್ಮೆ ಇನ್ನೂ ಹೆಚ್ಚು ಬೇಕು. ನಮ್ಮವರು ಎಂಟನೆಯ ದಿನಕ್ಕೇ 'ಈ ಗುಳಿಗೆ ಹೀಟು' ಎಂದು ಎಸೆದುಬಿಡುತ್ತಾರೆ! ಗುಣವಾದ ಮೇಲೂ ಸುಮಾರು ಒಂದು ವರ್ಷ ಮುಂದುವರಿಸುವುದು ವಾಡಿಕೆ.

ಮಾತಿನ ಚಿಕಿತ್ಸೆಯೂ ಔಷಧದಷ್ಟೇ ಗಟ್ಟಿ. ಅಂಜಿ ಬಿಟ್ಟದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಹಿಡಿಯುವುದು ಅದರ ತಿರುಳು. ಆ ಆಳು ಮೊದಲ ವಾರ ತಾಂಡೂರು ಸ್ಟೇಷನ್ನಿನಲ್ಲಿ ಸುಮ್ಮನೆ ಕೂತು ಬರಲಿ. ಮುಂದಿನ ವಾರ ನಾವಂದಗಿವರೆಗೆ ಹೋಗಲಿ. ಆಮೇಲೆ ಕುರಕುಂಟಾ, ಆಮೇಲೆ ಸೇಡಂ. ದಾರಿಯಲ್ಲಿ ಗಾಬರಿ ಬಂದರೆ ಇಳಿದು ಓಡಬಾರದು. ಉಸಿರನ್ನು ಮೂಗಿನಿಂದ ಮೆಲ್ಲಗೆ ಒಳಗೆಳೆದು, ಅದಕ್ಕಿಂತ ಮೆಲ್ಲಗೆ ಬಿಡುತ್ತ, ಅದು ಏರಿ ತಾನೇ ಇಳಿಯುವವರೆಗೆ ಕೂತಿರಬೇಕು. ಹಾಗೆ ಕೂತು ಗೆದ್ದ ಒಂದು ಸಲ, ನೂರು ಸಲ 'ಧೈರ್ಯ ತಗೋ' ಎಂದದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಎಲ್ಲಿ ತೋರಿಸಬೇಕು? ಇಲ್ಲಿ ನಾಚಿಕೆ ಅಡ್ಡ ಬರುತ್ತದೆ. ತೆಲುಗಿನಲ್ಲಿ ಬೈದರೆ ಎರ್ರಗಡ್ಡ, ಕನ್ನಡದಲ್ಲಿ ಬೈದರೆ ಧಾರವಾಡ. ಎರಡೂ ಭಾಷೆ ಬಲ್ಲ ನಮಗೆ ಎರಡೂ ಬೈಗುಳ ಗೊತ್ತು. ಆದರೆ ಅಷ್ಟು ದೂರ ಹೋಗಬೇಕೆಂದೇ ಇಲ್ಲ. ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದೆಂದು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಜಹೀರಾಬಾದ್, ನಾರಾಯಣಖೇಡದವರಿಗೆ ಬೀದರ, ತಾಂಡೂರಿನವರಿಗೆ ಕಲಬುರಗಿ ದೂರವಲ್ಲ, ಎರಡು ಕಡೆಯೂ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಹೋದಾಗ 'ಗುಂಡೆ ದಡ' ಎಂದಷ್ಟೇ ಹೇಳಿ ಎದ್ದು ಬರಬೇಡಿ. ಎಷ್ಟು ಹೊತ್ತು ಇತ್ತು, ಆಗ ಏನನ್ನಿಸಿತು, ಆಮೇಲೆ ಎಲ್ಲೆಲ್ಲಿ ಹೋಗುವುದು ಬಿಟ್ಟಿರಿ, ಇಷ್ಟನ್ನೂ ಹೇಳಿ, ಯಾವ ಭಾಷೆಯಲ್ಲಿ ಬಾಯಿ ಬರುತ್ತದೋ ಅದರಲ್ಲಿ.

ಹೋಗಲು ಮನಸ್ಸಾಗದಿದ್ದರೆ ಫೋನು ಇದೆ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು. ನಂಬರು 14416. ಬರೆದುಕೊಳ್ಳುವವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು.